ಪ್ರಿಂಟಿನಲ್ಲಿ ತಪ್ಪಿಹೋದ ಸಾಲು

ಮನೆಯವರ ಆತಂಕ ಪ್ರಿಂಟರಿಗೆ ಹೇಗೋ ತಿಳಿದುಬಿಡುತ್ತದೆ. ಕೆಲಸವಿಲ್ಲದ ದಿನ ಹಾಳೆಯ ಮೇಲೆ ಹಾಳೆ ಉಗುಳುತ್ತದೆ. ಅವಸರವಿದ್ದಾಗ ಒಂದೇ ಒಂದಕ್ಕೆ ಹಟ ಹಿಡಿದು ಕೂರುತ್ತದೆ. ಈಚೆಗೆ ನಮ್ಮ ಜನಕಪುರಿಯ ಮನೆಯಲ್ಲಿ ಅದು ಮಾಡಿದ ಕಿತಾಪತಿಗೆ ನಾನು ಇಡೀ ದಿನ ಬೆವರಿದೆ.

ನೋಯ್ಡಾದಲ್ಲಿರುವ ಅಕ್ಕನ ಗಂಡ, ನಮ್ಮ ಭಾವ, ಹೃದಯದ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದ್ದರು. ಅದಕ್ಕೆ ಮೊದಲೇ ನಾವಿಬ್ಬರೂ ಒಂದು ಚದುರಂಗದಾಟ ಹೂಡಿದ್ದೆವು. ಅವರದು ಬಿಳಿ, ನನ್ನದು ಕಪ್ಪು. ಸಂಜೆ ಹೋದಾಗ ಅವರು ತಮ್ಮ ನಡೆ ಹೇಳುತ್ತಿದ್ದರು. ನಾನು ಮನೆಗೆ ಬಂದು ಅದನ್ನು ಕಂಪ್ಯೂಟರಿನ ಚೆಸ್ ತಂತ್ರಾಂಶಕ್ಕೆ ತುಂಬಿ, ತಲೆ ಕೆರೆದುಕೊಂಡು ನನ್ನ ನಡೆ ಆಡಿ, ಆಟದ ಸ್ಥಿತಿಯನ್ನು ಮುದ್ರಿಸಿ ಮರುದಿನ ಒಯ್ಯುತ್ತಿದ್ದೆ. "ಅಪ್ಪಾ, ವಾಟ್ಸಾಪ್ ಕರ್ ದೋ ನಾ! ಪ್ರಿಂಟ್ ಯಾಕೆ?" ಎಂದು ಮಗಳು ನಗುತ್ತಿದ್ದಳು. ಭಾವನಿಗೆ ಮೊಬೈಲ್ ಪರದೆ ನೋಡಿದರೆ ಕಣ್ಣಲ್ಲಿ ನೀರು ಬರುತ್ತದೆ.

ಹೀಗೆ ಮುದ್ರಿಸಿ ಮುದ್ರಿಸಿ ನಾನೊಬ್ಬ ಪಂಡಿತನೇ ಆಗಿಬಿಟ್ಟೆ. ಕಪ್ಪು ಮನೆಗಳನ್ನು ಪೂರಾ ಕಪ್ಪಾಗಿಸಿದರೆ ಕಪ್ಪು ಕಾಯಿಗಳು ಕಾಣುವುದೇ ಇಲ್ಲ. ಅದಕ್ಕೇ ಹಳೆಯ ಪುಸ್ತಕಗಳಲ್ಲಿ ಆ ಮನೆಗಳಿಗೆ ಓರೆಗೆರೆ ಎಳೆಯುತ್ತಿದ್ದರು. ಇನ್ನೊಂದು ಸೋಜಿಗವಿದೆ. ಯಾವ ಕಾಯಿ ಎಲ್ಲಿದೆಯೆಂದು ಚಾಚೂ ತಪ್ಪದೆ ತೋರಿಸುವ ಚಿತ್ರ, ಈಗ ಆಡಬೇಕಾದವರು ಯಾರೆಂದು ಮಾತ್ರ ಹೇಳುವುದಿಲ್ಲ. ಅದನ್ನು ಅಡಿಯಲ್ಲಿ ಬರೆಯಬೇಕು: 'ಬಿಳಿಯ ನಡೆ'. ಬರೆಯದಿದ್ದರೆ ಗೆಲ್ಲುವವನು ಸೋತಂತೆ ಕಾಣಬಹುದು.

ಆಪರೇಷನ್ನಿನ ಹಿಂದಿನ ಸಂಜೆ ನಾನು ಒಯ್ದ ಚಿತ್ರವನ್ನು ಭಾವ ಬಹಳ ಹೊತ್ತು ನೋಡಿದರು. ನಡೆ ಹೇಳಲಿಲ್ಲ. ಹಾಳೆ ಮಡಚಿ ಅಕ್ಕನ ಕೈಗಿತ್ತು ಗೋಡೆಯ ಕಡೆ ಹೊರಳಿ ಮಲಗಿದರು.

"ಏನು ತೋರಿಸಿದ್ಯೋ ಇವರಿಗೆ? ಮಾತೇ ನಿಂತುಹೋಯ್ತಲ್ಲ" ಎಂದಳು ಅಕ್ಕ.

ಬೆಳಿಗ್ಗೆ ಅವರನ್ನು ಒಳಗೆ ಕರೆದೊಯ್ದರು. ಹೊರಗೆ ಅಕ್ಕನ ಪಕ್ಕ ಕುಳಿತು, ಬೇರೇನೂ ತೋಚದೆ ಅವಳ ಕೈಲಿದ್ದ ಆ ಹಾಳೆ ಬಿಡಿಸಿದೆ. ಕೆಳಗಿನ ಸಾಲೇ ಇಲ್ಲ! ಪ್ರಿಂಟರನ್ನು ಬೈಯುವಂತೆಯೂ ಇರಲಿಲ್ಲ. ಕಾಗದದ ಅಳತೆ ತಪ್ಪಾಗಿ ಆರಿಸಿದ್ದು ನಾನೇ. ಬಿಳಿಯ ನಡೆಯಾದರೆ ಭಾವ ಆನೆ ಸರಿಸಿ ಗೆಲ್ಲುತ್ತಾರೆ. ಕಪ್ಪಿನ ನಡೆಯಾದರೆ ಅವರ ರಾಜ ಉಳಿಯುವುದಿಲ್ಲ. ಸೋತೆನೆಂದುಕೊಂಡೇ ಒಳಗೆ ಹೋದರೇ?

ಆಡುವವರಿಗೆ ತಮ್ಮ ಸರದಿ ಗೊತ್ತಿರುವುದಿಲ್ಲವೇ ಎಂದು ನೀವು ಕೇಳಬಹುದು. ಆಪರೇಷನ್ ಥಿಯೇಟರಿನ ಹೊರಗೆ ಕುಳಿತು ಕೇಳಿ ನೋಡಿ. ಅಲ್ಲಿ ಕೆಟ್ಟದ್ದಲ್ಲದೆ ಬೇರೇನೂ ಹೊಳೆಯುವುದಿಲ್ಲ. ಧೈರ್ಯ ತುಂಬಬೇಕಾದವನು ಸೋಲು ಕೊಟ್ಟು ಕಳಿಸಿದೆನಲ್ಲ ಎಂದು ನನ್ನನ್ನೇ ಶಪಿಸಿಕೊಂಡೆ. ಬಾಗಿಲು ತೆರೆದಾಗಲೆಲ್ಲ ಅಕ್ಕ ನನ್ನ ಮುಂಗೈ ಬಿಗಿಯಾಗಿ ಹಿಡಿಯುತ್ತಿದ್ದಳು. ಪ್ರತಿಸಲವೂ ಬೇರೆ ಯಾರದೋ ಹೆಸರು ಕೂಗುತ್ತಿದ್ದರು. ನನಗೆ ನಿಜಕ್ಕೂ ಭಯವಾಗಿತ್ತು. ಮಧ್ಯಾಹ್ನ ಕಳೆದ ಮೇಲೆ ಡಾಕ್ಟರು ಹೊರಬಂದು "ಸಬ್ ಠೀಕ್ ಹೈ" ಎಂದರು. ಅಕ್ಕ ಅತ್ತಳು. ನಾನು ಪೆನ್ನು ತೆಗೆದು ಚಿತ್ರದ ಅಡಿಯಲ್ಲಿ 'ಬಿಳಿಯ ನಡೆ' ಎಂದು ದಪ್ಪಗೆ ಬರೆದೆ.

ಮಾತಾಡಿಸಲು ಬಿಟ್ಟ ದಿನ ಅದೇ ಹಾಳೆ ಹಿಡಿದು ಹೋದೆ. "ಭಾವ, ತಪ್ಪಾಯ್ತು. ಪ್ರಿಂಟ್‌ನಲ್ಲಿ ಒಂದು ಸಾಲು ಹೋಗ್ಬಿಟ್ಟಿತ್ತು. ನಡೆ ನಿಮ್ಮದೇ."

"ಅದು ನಂಗೆ ಗೊತ್ತಿರಲಿಲ್ವೇನಯ್ಯಾ?" ಭಾವನ ದನಿ ಗೊಗ್ಗರಾಗಿತ್ತು. "ಆನೆ ಸರಿಸಿದ್ರೆ ನೀನು ಸೋತೆ. ಅವತ್ತೇ ನೋಡಿದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಆಟ ಮುಗಿದುಹೋಗ್ತಿತ್ತಲ್ಲ. ಒಂದು ಕೆಲಸ ಬಾಕಿ ಇಟ್ಟು ಹೋದ್ರೆ ವಾಪಸ್ ಬರಲೇಬೇಕಾಗುತ್ತೆ ಅಂದ್ಕೊಂಡೆ."

"ಸರಿ, ಈಗ ಆನೆ ಸರಿಸಲಾ?" ಎಂದೆ.

ಭಾವ ಅಕ್ಕನ ಕಡೆ ನೋಡಿದರು. "ಇನ್ನೂ ಹೊಲಿಗೆ ಬಿಚ್ಚೋದಿದೆ. ಆಮೇಲೆ ನೋಡೋಣ."

ಹೊಲಿಗೆ ಬಿಚ್ಚಿಯಾಯಿತು. ಭಾವ ಈಗ ಪಾರ್ಕಿನಲ್ಲಿ ನಡೆದಾಡುತ್ತಾರೆ. ನಾನು ಸೋಲಲೇಬೇಕಾದ ಆ ಚಿತ್ರ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ. ಆನೆ ಇನ್ನೂ ಅಲ್ಲೇ ನಿಂತಿದೆ. ನಾನೂ ನೆನಪಿಸಲು ಹೋಗಿಲ್ಲ.