ಬಸ್ರಾದಾಗ ಹೋದ ಪಾಸ್‌ಪೋರ್ಟು

ಎರಡನೇ ಮಹಾಯುದ್ಧಕ್ಕ ಮೊದಲಿನ ಮಾತು. ಬಸ್ರಾ ಬಂದರದಾಗ ಯಾರೋ ನನ್ನ ಕೋಟು ಕದ್ದರು. ಪಾಸ್‌ಪೋರ್ಟು ಅದರ ಕಿಸೆದಾಗಿತ್ತು. ಅದಿಲ್ಲದೆ ಊರ ಕಡೆ ಹೋಗೂ ಹಡಗು ಹತ್ತಿಸೂದಿಲ್ಲ ಅಂದರು ಬಂದರದವರು. ಇಂಗ್ಲಿಷ್ ಸಾಹೇಬನ ಕಚೇರಿಗೆ ಓಡಿದೆ. ನನ್ನ ಊರು ಸವಣೂರು ಅಂದೆ. ಸಾಹೇಬ ನಕಾಶೆ ಹರವಿದ. ಎಷ್ಟು ಹುಡುಕಿದರೂ ಸವಣೂರು ಸಿಗಲಿಲ್ಲ. “ನಿನ್ನ ಊರೇ ಇಲ್ಲವಲ್ಲ!” ಅಂತ ಹಿಂದೂಸ್ತಾನಿಯೊಳಗ ಅಂದು ನಕ್ಕ.

“ನಿನ್ನ ಬಾಯಾಗ ಮಣ್ಣ ಬೀಳ್ಲಿ,” ಅಂತ ನಾನು ಸಿಟ್ಟಿಗೆ ಕನ್ನಡದಾಗ ಗೊಣಗಿದೆ.

ಹಿಂದ ನಿಂತಿದ್ದ ದರ್ಜಿಯೊಬ್ಬ ಕಿಸಕ್ಕನೆ ನಕ್ಕ. “ನಾ ಬಂಕಾಪುರದಾಂವ್ರಿ. ನೀವು ನಮ್ಮ ಕಡ್ಯಾವ್ರ ಬಿಡ್ರಿ,” ಅಂದವನೇ, ಸವಣೂರು ತನ್ನ ಊರಿನ ಪಕ್ಕದಾಗ ಐತಿ ಅಂತ ಸಾಹೇಬನ ಮುಂದ ಸಾಕ್ಷಿ ಹೇಳಿದ.

“ಇವ ಈಗ ಏನಂದ?” ಸಾಹೇಬ ಕೇಳಿದ.

“ನಿಮ್ಮ ಆಯುಷ್ಯ ಹೆಚ್ಚಲಿ ಅಂದ್ರು, ಹುಜೂರ್,” ಅಂದ ದರ್ಜಿ.

ಸಾಹೇಬ ಮೆತ್ತಗಾದ. ಹಡಗು ಹತ್ತಲು ಕೊಟ್ಟ ಕಾಗದದಾಗ ‘ಬಹಳ ಸಭ್ಯ ಮನುಷ್ಯ’ ಅಂತನೂ ಬರೆದ. ಸರಕಾರ ನನ್ನ ಬಗ್ಗೆ ಬರೆದ ಒಳ್ಳೆ ಮಾತು ಅದೊಂದೇ. ತಿದ್ದಿಸೋ ಗೋಜಿಗೆ ನಾನು ಹೋಗಲಿಲ್ಲ.