ಹದಿನೈದು ಜನಕ್ಕೂ ಹತ್ತು

ಪ್ರೌಢಶಾಲೆಯ ಕೆಮಿಸ್ಟ್ರಿ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಗಾಜು ತೊಳೆದು, ದ್ರಾವಣ ಬೆರೆಸಿಡುತ್ತಿದ್ದವಳು ಎಲ್ಲರ ಬಾಯಲ್ಲೂ ಲ್ಯಾಬಕ್ಕ. ಕಳೆದ ತಿಂಗಳು ಎರಡು ಬಾಟಲಿಯ ಲೇಬಲ್ ಅದಲುಬದಲಾದಾಗ ಹೆಡ್‌ಮಾಸ್ಟರು ಗದರಿದ್ದರು: "ಇನ್ನೊಂದು ತಪ್ಪಾದ್ರೆ ಲ್ಯಾಬ್ ಬಿಟ್ಟು ಗೇಟಲ್ಲಿ ಕೂತ್ಕೋಬೇಕಾಗುತ್ತೆ, ನೋಡಮ್ಮ."

ಅಂಥದ್ದರಲ್ಲಿ ಇವತ್ತೇ ಎಡವಟ್ಟು ಮಾಡಿಕೊಂಡಿದ್ದಳು. ತಾಲೂಕಿನ ಹದಿನೈದು ಜನ ಕೆಮಿಸ್ಟ್ರಿ ಮೇಷ್ಟ್ರುಗಳಿಗೆ ತರಬೇತಿ. ಉತ್ತರ ಮೊದಲೇ ಹೇಳಿಬಿಡದೆ, ಮಕ್ಕಳೇ ಮಾಡಿ ನೋಡಿ ಕಂಡುಹಿಡಿಯುವ ಹಾಗೆ ಪಾಠ ಮಾಡುವುದನ್ನು ಕಲಿಸಲು ಹೊರಗಿನಿಂದ ಮೇಡಂ ಒಬ್ಬರು ಬಂದಿದ್ದರು. ಹೆಡ್‌ಮಾಸ್ಟರೂ ಕೆಮಿಸ್ಟ್ರಿಯವರೇ, ಮುಂದಿನ ಬೆಂಚು ಅವರದು. ಒಂದು ಲೀಟರಿಗೆ ಬೆರೆಸಬೇಕಾದ ಆ್ಯಸಿಡ್ಡನ್ನು ಲ್ಯಾಬಕ್ಕ ಎರಡು ಲೀಟರಿನ ಬಾಟಲಿಗೆ ಹಾಕಿ, ಕತ್ತಿನವರೆಗೂ ನೀರು ತುಂಬಿಸಿಬಿಟ್ಟಿದ್ದಳು. ಅದು ಹೊಳೆದದ್ದು ಎಲ್ಲರೂ ಬ್ಯೂರೆಟ್ಟಿಗೆ ಸುರಿದುಕೊಂಡ ಮೇಲೆ.

ಹನಿಹನಿಯಾಗಿ ಆ್ಯಸಿಡ್ ಬಿಟ್ಟು ಫ್ಲಾಸ್ಕಿನ ಗುಲಾಬಿ ಬಣ್ಣ ಹೋಗಿಸಲು ಎಂದಿನ ಹತ್ತು ಮಿಲಿ ಸಾಲದು, ಇಪ್ಪತ್ತು ಬೇಕು. ಇನ್ನೇನು ಯಾರಾದರೂ "ಯಾರ್ರೀ ಇದನ್ನ ಮಾಡಿದ್ದು?" ಎನ್ನುತ್ತಾರೆ! ಅಂಡು ಸುಟ್ಟ ಬೆಕ್ಕಿನಂತೆ ಬೆಂಚುಗಳ ನಡುವೆ ಸುತ್ತಿದಳು, ಒರೆಸಿದ್ದನ್ನೇ ಒರೆಸಿದಳು.

ಯಾರೂ ಏನೂ ಅನ್ನಲಿಲ್ಲ. ಎಷ್ಟು ಮಿಲಿ ಬೇಕಾಯಿತೆಂದು ಮೇಡಂ ಕೇಳಿದಾಗ ಒಬ್ಬೊಬ್ಬರೇ ಓದಿದರು. "ಹತ್ತು." "ಹತ್ತು ಪಾಯಿಂಟ್ ಒಂದು." "ಹತ್ತು." ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡು, "ಕರೆಕ್ಟಾಗಿ ಹತ್ತು," ಎಂದರು. ಮೇಡಂ ಕಣ್ಣಿಗೆ ಬೀಳದ ಹಾಗೆ ಮೇಷ್ಟ್ರುಗಳು ಸಿಂಕಿನ ಮರೆಗೆ ಸರಿಸಿದ್ದ ಫ್ಲಾಸ್ಕುಗಳು ಇನ್ನೂ ಗುಲಾಬಿಯಾಗೇ ಇದ್ದವು.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು! ಲ್ಯಾಬಕ್ಕನಿಗೆ ಹೋದ ಜೀವ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು, ಹಾಳಾದ್ದು. ಹಿಂದೊಮ್ಮೆ ಇದೇ ಲ್ಯಾಬಿನಲ್ಲಿ ಅವಳ ಮಗಳು ಕಂಡದ್ದನ್ನು ಕಂಡ ಹಾಗೆ, ಹನ್ನೆರಡು ಎಂದು ಬರೆದಿದ್ದಳು. ಇದೇ ಹೆಡ್‌ಮಾಸ್ಟರು ಅದಕ್ಕೆ ಕೆಂಪಿಂಕಿನಲ್ಲಿ ಗೀಟು ಹಾಕಿ, "ಪಕ್ಕದವಳದ್ದು ನೋಡ್ಕೊಂಡು ಬರಿ," ಎಂದಿದ್ದರು. ಹುಡುಗಿ ಆ ವರ್ಷವೇ ಸೈನ್ಸಿಗೆ ಕೈಮುಗಿದಳು. ಅವತ್ತು ತಾನೂ ಬಾಯಿ ಮುಚ್ಚಿಕೊಂಡು ಪಕ್ಕದಲ್ಲೇ ನಿಂತಿದ್ದೆನಲ್ಲ ಎಂದು ಲ್ಯಾಬಕ್ಕನಿಗೆ ಹೊಟ್ಟೆ ಉರಿಯಿತು.

"ಹತ್ತು ಬರೋಕೆ ಸಾಧ್ಯಾನೇ ಇಲ್ಲ ಮೇಡಂ," ಎಂದುಬಿಟ್ಟಳು. "ಆ್ಯಸಿಡ್ಡಿಗೆ ನೀರು ಜಾಸ್ತಿ ಹಾಕಿಬಿಟ್ಟಿದ್ದೀನಿ. ತಪ್ಪು ನಂದೇ."

ಹೆಡ್‌ಮಾಸ್ಟರ ಮುಖ ಕಪ್ಪಿಟ್ಟಿತು. "ನಾನು ಹೇಳಿದ್ದು ಮರೆತುಹೋಯ್ತೇನಮ್ಮ?"

"ಇಲ್ಲ ಸಾರ್. ನಾಳೆಯಿಂದ ಗೇಟಲ್ಲೇ ಕೂತ್ಕೋತೀನಿ."

ಮೇಡಂ ಹೋಗಿ, ಮುಂದಿನ ಬೆಂಚಿನ ಸಿಂಕಿನ ಮರೆಯಿಂದ ಹೆಡ್‌ಮಾಸ್ಟರ ಫ್ಲಾಸ್ಕನ್ನೇ ತಂದು ಅವರ ಮುಂದಿಟ್ಟರು. ಹೆಡ್‌ಮಾಸ್ಟರು ಆ ಗುಲಾಬಿ ನೀರನ್ನು ನೋಡಿದರು. ಆಮೇಲೆ ದನಿ ಇಳಿಸಿ, ಪಕ್ಕದವರಿಗೆ ಕೇಳಬಾರದೆಂಬಂತೆ ಕೇಳಿದರು:

"ಹಾಗಾದ್ರೆ ಎಷ್ಟು ಬರ್ಬೇಕಿತ್ತು?"

ಇಪ್ಪತ್ತು ಎನ್ನುವುದು ಲ್ಯಾಬಕ್ಕನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಮಾಡಿ ನೋಡಿ ಸಾರ್," ಎಂದಳು.