ಮುತ್ತ್ಯಾನ ಕೊರಳು

ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ನಾನು ನಡುವೆಯೇ ಎದ್ದು ಹೋಗಿದ್ದುಂಟು. ಈಗ ಹೇಳುತ್ತಿರುವವನು ನಾನೇ. ನೆನಪು ತನಗೆ ಬೇಕಾದಂತೆ ಅಂಚು ಮಡಚಿ ಹೊಲಿಯುತ್ತದೆ. ಹಾಗಾಗಿ ಖಾತ್ರಿ ಇಲ್ಲದ ಕಡೆ ಇಲ್ಲವೆಂದೇ ಬರೆಯುತ್ತೇನೆ.

ತಾಂಬಾದಲ್ಲಿ ನನ್ನ ದೊಡ್ಡವ್ವನ ಮನೆ. ಅಲ್ಲಿ ದೇವರ ಜಗಲಿಯ ಮೇಲಿನ ಗೋಡೆಯಲ್ಲಿ ಮೊಳೆಗೆ ತೂಗುಹಾಕಿದ ಅಂಗೈಯಗಲದ ಹಳೆಯ ಪಿಂಗಾಣಿ ಬಿಲ್ಲೆಯೊಂದಿದೆ. ಅದರಲ್ಲಿ ಯಾವುದೋ ಪರದೇಶದ ಸರದಾರನ ಚಿತ್ರ: ಬಿಳಿ ಕೂದಲು, ನೀಲಿ ಅಂಗಿ, ಎದೆಯ ಮೇಲೆ ಬಿಳಿ ಜಾಲರಿ, ಕೊರಳಲ್ಲಿ ಕೆಂಪು ಪಟ್ಟಿಗೆ ಇಳಿಬಿದ್ದ ಚಿನ್ನದ ಪದಕ. ಅರಸರು ತಮ್ಮ ವೀರರಿಗೆ ಕೊಡುತ್ತಿದ್ದ ಬಿರುದಿನ ಪದಕ. ಅದು ಮನೆಗೆ ಹೇಗೆ ಬಂತೋ ಯಾರಿಗೂ ಗೊತ್ತಿಲ್ಲ. ಪದಕವನ್ನು ಲಿಂಗದ ಕರಡಿಗೆ ಎಂದುಕೊಂಡು, ಲಿಂಗ ಕಟ್ಟಿಕೊಂಡವನು ನಮ್ಮವನೇ ಎಂದು ಆ ಮನೆ ಮೂರು ತಲೆಮಾರು ಅವನಿಗೆ ವಿಭೂತಿ ಹಚ್ಚಿದೆ. ಅವನು ಎಲ್ಲರಿಗೂ ಮುತ್ತ್ಯಾ, ಮನೆತನದ ಹಿರಿಯಜ್ಜ. ದೊಡ್ಡವ್ವನ ಮಗ ಮಲ್ಲಣ್ಣ ಮಾತ್ರ ವಿಲಾಯತಿ ಮುತ್ತ್ಯಾ ಎಂದು ನಗುತ್ತಿದ್ದ.

ಕೆಲವು ವರ್ಷಗಳ ಹಿಂದೆ ದೊಡ್ಡವ್ವನಿಗೆ ಹೊಟ್ಟೆಯ ಆಪರೇಷನ್ ಆಗಬೇಕಿತ್ತು. ತಡವಾದರೆ ಉಳಿಯುವುದಿಲ್ಲ ಎಂದಿದ್ದರು ವಿಜಯಪುರದ ಡಾಕ್ಟರು. ನಾನು ಕಾರು ತಂದಿದ್ದೆ. ಹೊರಡುವ ಮುನ್ನ ಮುತ್ತ್ಯಾನಿಗೆ ವಿಭೂತಿ ಹಚ್ಚಲು ಹೋದವಳು ಕೈ ಹಿಂದೆಗೆದಳು.

"ಮುತ್ತ್ಯಾನ ಕೊಳ್ಳಾಗ ಲಿಂಗ ಇಲ್ಲ."

ಬಿಲ್ಲೆಯನ್ನು ಬಾಗಿಲ ಬೆಳಕಿಗೆ ಹಿಡಿದೆ. ಪದಕ ಇರಲಿಲ್ಲ. ಬಣ್ಣ ಕಿತ್ತಿರಬೇಕೆಂದು ಉಗುರಾಡಿಸಿದೆ. ನುಣ್ಣಗಿತ್ತು. ಪದಕವಿದ್ದ ಜಾಗದಲ್ಲಿ ಜಾಲರಿಯ ಎಳೆಗಳು ಎಲ್ಲೂ ಕಡಿಯದೆ ಮುಂದುವರಿದಿದ್ದವು. ಮೊಬೈಲಿನಲ್ಲಿದ್ದ ಹಳೆಯ ಫೋಟೊ ಹುಡುಕಿದೆ. ಅದರಲ್ಲಿ ವಿಭೂತಿ ಹಚ್ಚುತ್ತಿದ್ದ ದೊಡ್ಡವ್ವನ ಹೆಬ್ಬೆರಳು ಕೊರಳನ್ನು ಮುಚ್ಚಿತ್ತು.

ನಮ್ಮಲ್ಲಿ ಲಿಂಗ ಹೋದರೆ ಪ್ರಾಣ ಹೋದಂತೆ; ಕಳೆದುಕೊಂಡವರು ಅನ್ನ ನೀರು ಮುಟ್ಟುವುದಿಲ್ಲ. ಮುತ್ತ್ಯಾ ಉಪವಾಸ ಇರುವಾಗ ತಾನು ಹೊಸ್ತಿಲು ದಾಟುವುದಿಲ್ಲವೆಂದು ದೊಡ್ಡವ್ವ ಕುಳಿತುಬಿಟ್ಟಳು. ಗುಳಿಗೆ ನುಂಗಲೂ ನೀರು ಕುಡಿಯಲಿಲ್ಲ. ಮಧ್ಯಾಹ್ನ ಕಳೆಯಿತು. ಕೊನೆಗೆ ಮಲ್ಲಣ್ಣ ಬಿಲ್ಲೆಯನ್ನು ಮತ್ತೆ ಗೋಡೆಗೆ ತೂಗಿ, ತನ್ನ ಕೊರಳಿನ ಕರಡಿಗೆಯನ್ನು ತೆಗೆದು ಚಿತ್ರದ ಎದೆಯ ಮೇಲೆ ಇಳಿಬೀಳುವಂತೆ ಅದೇ ಮೊಳೆಗೆ ಹಾಕಿದ.

"ತೊಗೋ ಮುತ್ತ್ಯಾ, ನಂದು ಕಟ್ಕೋ. ನೋಡ್ಬೇ ಯವ್ವಾ, ನನಗಿಂತ ಅವಗ ಚಲೋ ಒಪ್ಪತೈತಿ. ಏಳಿನ್ನ."

ಅವಳು ನೀರು ಕುಡಿದಳು. ಆಪರೇಷನ್ ಚೆನ್ನಾಗಿಯೇ ಆಯಿತು. ಮಲ್ಲಣ್ಣ ಹೊಸ ಲಿಂಗ ಕಟ್ಟಿಸಿಕೊಳ್ಳುವುದನ್ನು ಮುಂದೂಡುತ್ತಲೇ ಇದ್ದ. ದೊಡ್ಡವ್ವ ಮನೆಗೆ ಮರಳಿದ ಸ್ವಲ್ಪ ದಿನಕ್ಕೆ, ಕಬ್ಬಿಗೆ ನೀರು ಬಿಡಲು ಹೋದವನು ಬದುವಿನ ಮೇಲೆ ಬಿದ್ದು ಸತ್ತ. ಹೃದಯಾಘಾತ ಎಂದರು.

ಸತ್ತವರನ್ನು ಮಣ್ಣಿನಲ್ಲಿ ಕೂಡಿಸುವಾಗ ಎಡ ಅಂಗೈಯಲ್ಲಿ ಅವರ ಲಿಂಗ ಇಡಬೇಕು. ಅದನ್ನು ತರಲು ನನ್ನನ್ನು ಒಳಗೆ ಕಳಿಸಿದರು. ಮೊಳೆಗೆ ಕೈ ಹಾಕಿದ್ದೆ, ದೊಡ್ಡವ್ವ ಮಣಿಕಟ್ಟು ಹಿಡಿದಳು. ಅವಳು ಅಳುತ್ತಿರಲಿಲ್ಲ.

"ತೆಗೀಬ್ಯಾಡ ತಮ್ಮಾ. ಮನ್ಯಾಗ ಇನ್ನೂ ಮಲ್ಲಣ್ಣನ ಮಕ್ಕಳದಾವ."

ಮಠದಿಂದ ಬೇರೆ ಲಿಂಗ ತಂದು ಅವನ ಅಂಗೈಯಲ್ಲಿಟ್ಟರು.

ಆಮೇಲೆ ಅವಳಿಲ್ಲದಾಗ ಕರಡಿಗೆ ಸರಿಸಿ ನೋಡಿದ್ದೇನೆ. ಹಿಂದೆ ಜಾಲರಿ ಮಾತ್ರ. ಪದಕ ಅಲ್ಲಿತ್ತೆಂದು ಆಣೆ ಮಾಡು ಎಂದರೆ ಈಗ ನನಗೆ ಧೈರ್ಯ ಬರುವುದಿಲ್ಲ. ಇರಲೇ ಇಲ್ಲವೆಂದರೆ, ಮಲ್ಲಣ್ಣ ತನ್ನದನ್ನು ಕೊಟ್ಟದ್ದು ಯಾತರ ಬದಲಿಗೆ?